ಕಾಲೇಜು ಊರಿನ ಪೇಟೆಯಲ್ಲಿ ಹೊಸ ವಾಣಿಜ್ಯ ಕಟ್ಟಡ ಅಂದರೆ ಜನ ಯಾಕೆ ಜಗಳಕ್ಕೆ ನಿಲ್ಲುತ್ತಾರೆ?

ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯ ಇರುವ ಬೋಲ್ಡರ್ ಊರನ್ನೇ ನೋಡಿ. ಅಲ್ಲಿ ಪೇಟೆ ಬೀದಿಯಲ್ಲಿ ನಿಂತು ಪಶ್ಚಿಮಕ್ಕೆ ತಿರುಗಿದರೆ ಬೆಟ್ಟ ಎದುರಿಗೇ ಇದೆ. ಎತ್ತರದ ಕಟ್ಟಡ ಬಂದರೆ ಮೊದಲು ಮರೆಯಾಗುವುದು ಅದೇ, ಅಲ್ವಾ? ಅದಕ್ಕೇ 1971ರಲ್ಲಿ ಜನ ಮತ ಹಾಕಿ 55 ಅಡಿ ಮಿತಿ ತಂದರು.

ಹಾಗಂತ ಇವರಿಗೆ ವ್ಯಾಪಾರ ಬೇಡ ಅಂತಲ್ಲ. 1963ರಲ್ಲಿ ಕ್ರಾಸ್‌ರೋಡ್ಸ್ ಶಾಪಿಂಗ್ ಸೆಂಟರ್ ಶುರುವಾದಾಗ ಹಳೇ ಪೇಟೆಯ ಗಿರಾಕಿಗಳು ಅತ್ತ ಸರಿದರು. ಪೇಟೆ ಉಳಿಸಲು 1977ರಲ್ಲಿ ಪರ್ಲ್ ಸ್ಟ್ರೀಟ್‌ನ ನಾಲ್ಕು ಬ್ಲಾಕ್‌ಗಳಲ್ಲಿ ವಾಹನ ಓಡಾಟವನ್ನೇ ನಿಲ್ಲಿಸಿದರು. ಇಟ್ಟಿಗೆ ಹಾಸು, ಬೆಂಚು, ಮರಗಳು, ನಡುವೆ ಕಸರತ್ತು ತೋರಿಸುವ ಬೀದಿ ಕಲಾವಿದರು. ಜನ ಮತ್ತೆ ಬಂದರು.

ತಮಾಷೆ ಇರುವುದು ದುಡ್ಡಿನ ಲೆಕ್ಕದಲ್ಲಿ. ಕೊಲರಾಡೊದ ನಗರಸಭೆಗಳು ಜಾಸ್ತಿ ನಂಬಿರುವುದು ಮಾರಾಟ ತೆರಿಗೆಯನ್ನು. ಗಿರಾಕಿ ಪಕ್ಕದ ಊರಿಗೆ ಹೋದರೆ ತೆರಿಗೆಯೂ ಅವನ ಹಿಂದೆಯೇ ಹೋಗುತ್ತದೆ. ಊರ ಸುತ್ತಲಿನ ಬಯಲು, ಬೆಟ್ಟಗಳನ್ನು ಕೊಂಡು ಕಾಪಾಡಲು 1967ರಲ್ಲಿ ಜನ ಒಪ್ಪಿದ್ದೂ ಇದೇ ತೆರಿಗೆಯನ್ನೇ. ಅಂದರೆ ಹಸಿರಿಗೆ ದುಡ್ಡು ಕೊಡುತ್ತಿರುವುದು ಅಂಗಡಿಗಳೇ!

ನನ್ನ ಪ್ರಕಾರ ಎತ್ತರಕ್ಕಿಂತ ದೊಡ್ಡ ತಕರಾರು ಮನೆಗಳದ್ದು. ಹೊಸ ಆಫೀಸು ಬಂದರೆ ಕೆಲಸ ಬರುತ್ತದೆ, ಮನೆ ಬರುವುದಿಲ್ಲ. ಕಟ್ಟಡ ಮೇಲಕ್ಕೆ ಏರುವಂತಿಲ್ಲ, ಊರು ಹೊರಕ್ಕೆ ಹಬ್ಬುವಂತಿಲ್ಲ. ಬಾಡಿಗೆ ಗಗನಕ್ಕೇರುತ್ತದೆ, ಕೆಲಸದವರು ದಿನಾ ಹೊರಗಿನಿಂದ ಕಾರಿನಲ್ಲಿ ಬರುತ್ತಾರೆ. ವಿದ್ಯಾರ್ಥಿಗಳೂ ಅದೇ ಮನೆಗಳಿಗೆ ಪೈಪೋಟಿ ಮಾಡಬೇಕು. ಆದರೆ ಅವರು ನಾಲ್ಕು ವರ್ಷಕ್ಕೆ ಹೊರಟುಬಿಡುವವರು. ಸಭೆಗೆ ಬಂದು ಮಾತಾಡುವವರು ಸಾಮಾನ್ಯವಾಗಿ ಸ್ವಂತ ಮನೆ ಇರುವವರೇ.