ನಮ್ಮೂರ ಅಂಗಡಿಗೆ ಎಷ್ಟು ಮನೆ ಬೇಕು?

ಊರಿನವರೇ ಸೇರಿ ಕಿರಾಣಿ ಅಂಗಡಿ ನಡೆಸುವ ಬಗ್ಗೆ ಈ ತಿಂಗಳು ಮೂರು ಪತ್ರ ಬಂದಿವೆ. ನಾನು 1987ರಲ್ಲಿ ಮಲೆನಾಡಿನ ಒಂದು ಸೊಸೈಟಿಯ ಕಿರಾಣಿ ವಿಭಾಗದಲ್ಲಿ ಸಾಮಾನು ತೂಗುವ ಕೆಲಸಕ್ಕೆ ಸೇರಿದವಳು. 2020ರಲ್ಲಿ ಅಲ್ಲೇ ಕಾರ್ಯದರ್ಶಿಯಾಗಿ ನಿವೃತ್ತಳಾದೆ. ನನ್ನ ಜೀವನವೇ ಈ ಅಂಗಡಿಯಲ್ಲಿ ಕಳೆದಿದೆ. ಹಾಗಾಗಿ ಈ ಸಲ ಬೇರೆ ಪತ್ರಗಳನ್ನು ಪಕ್ಕಕ್ಕಿಟ್ಟು ಇವಕ್ಕೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಸುತ್ತಲಿನ ಕೇರಿಗಳೂ ಸೇರಿ 140 ಮನೆ ಇವೆ. ಇದ್ದ ಒಂದೇ ಕಿರಾಣಿ ಅಂಗಡಿಯವರು ವಯಸ್ಸಾಯಿತು ಅಂತ ಬಾಗಿಲು ಹಾಕಿ ಶಿವಮೊಗ್ಗದಲ್ಲಿ ಮಗನ ಮನೆಗೆ ಹೋದರು. ಈಗ ಅರ್ಧ ಕೆ.ಜಿ. ಸಕ್ಕರೆಗೂ 11 ಕಿಲೋಮೀಟರ್ ಹೋಗಬೇಕು. ಬಸ್ಸು ದಿನಕ್ಕೆ ಎರಡೇ. ನಾವು ಎಂಟು ಜನ ಸೇರಿ, ಮನೆಗೆ 1,000 ರೂಪಾಯಿಯಂತೆ ಷೇರು ಎತ್ತಿ ಊರಿನದೇ ಅಂಗಡಿ ತೆರೆಯೋಣ ಅಂದುಕೊಂಡಿದ್ದೇವೆ. ಎಲ್ಲಿಂದ ಶುರು ಮಾಡಬೇಕು? ಹೇಗೆ ನೋಂದಣಿ ಮಾಡಿಸಬೇಕು? ನಾವು ಎಡವುವ ಜಾಗ ಯಾವುದು?

ಉತ್ತರ: ನೋಂದಣಿ ಆಮೇಲೆ ನೋಡೋಣ. ಮೊದಲು ಒಂದು 100 ಪುಟದ ನೋಟ್‌ಬುಕ್ ತೆಗೆದುಕೊಂಡು ಮನೆಮನೆಗೆ ಹೋಗಿ. ಇಬ್ಬಿಬ್ಬರಾಗಿ ಹೋಗಿ, ಅದರಲ್ಲಿ ಒಬ್ಬರು ಹೆಂಗಸು ಇರಲಿ. ಅಡುಗೆಮನೆಯ ಲೆಕ್ಕ ಜಗಲಿಯಲ್ಲಿ ಕೂತ ಗಂಡಸರ ಹತ್ತಿರ ಸಿಗುವುದಿಲ್ಲ. ತಿಂಗಳಿಗೆ ಅಕ್ಕಿ ಎಷ್ಟು ಕೊಳ್ಳುತ್ತೀರಿ, ರೇಷನ್ ಅಕ್ಕಿ ಎಷ್ಟು ಬರುತ್ತೆ, ತೊಗರಿಬೇಳೆ ಎಷ್ಟು, ಎಣ್ಣೆ ಯಾವುದು, ಸೋಪು ಯಾವುದು, ಹಣ ಕೈಗೆ ಬರೋದು ವಾರಕ್ಕೋ ತಿಂಗಳಿಗೋ ಅಡಿಕೆ ಮಾರಿದಾಗಲೋ, ಎಲ್ಲ ಬರೆದುಕೊಳ್ಳಿ. "ಅಂಗಡಿ ಬೇಕಾ?" ಅಂತ ಕೇಳಿದರೆ 140 ಮನೆಯವರೂ ಬೇಕು ಅಂತಾರೆ. ಆ ಉತ್ತರದಿಂದ ಏನೂ ಪ್ರಯೋಜನವಿಲ್ಲ.

ಏಕೆ ಅಂತ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. 90 ಮನೆಯವರು ತಿಂಗಳಿಗೆ 2,500 ರೂಪಾಯಿ ಸಾಮಾನು ನಿಮ್ಮಲ್ಲೇ ಕೊಂಡರು ಅಂದುಕೊಳ್ಳಿ. ವ್ಯಾಪಾರ 2,25,000. ಸಕ್ಕರೆ, ಎಣ್ಣೆಯಲ್ಲಿ ನೂರಕ್ಕೆ ಎರಡು ಮೂರು ರೂಪಾಯಿ ಉಳಿದರೆ ಹೆಚ್ಚು. ಸೋಪು, ಮಸಾಲೆ, ಬಿಸ್ಕತ್ತಿನಲ್ಲಿ ಜಾಸ್ತಿ. ಎಲ್ಲ ಸೇರಿ ಸರಾಸರಿ ಶೇಕಡಾ 8 ಇಟ್ಟುಕೊಂಡರೆ ಕೈಗೆ 18,000 ಬರುತ್ತೆ. ಇನ್ನು ಖರ್ಚು. ಬೆಳಿಗ್ಗೆ 7ರಿಂದ 10, ಸಂಜೆ 5ರಿಂದ 7 ಅಂಗಡಿ ತೆರೆದಿಡುವವರಿಗೆ 9,000. ಬಾಡಿಗೆ 2,000. ಕರೆಂಟು 800. ಸಾಗರದಿಂದ ಸಾಮಾನು ತರುವ ಗಾಡಿಗೆ 2,500. ಚೀಲ ಒಡೆದದ್ದು, ಇಲಿ ತಿಂದದ್ದು, ತೂಗುವಾಗ ಸೋರಿದ್ದು, ಎಲ್ಲ ಸೇರಿ ವ್ಯಾಪಾರದ ಶೇಕಡಾ 1, ಅಂದರೆ 2,250. ಒಟ್ಟು 16,550. ಉಳಿಯೋದು 1,450.

ಅದೇ 60 ಮನೆಯವರು ಮಾತ್ರ ಬಂದರೆ? ವ್ಯಾಪಾರ 1,50,000. ಕೈಗೆ ಬರೋದು 12,000. ಖರ್ಚು 15,800. ತಿಂಗಳಿಗೆ 3,800 ನಷ್ಟ. ವರ್ಷ ಕಳೆಯುವುದರೊಳಗೆ 45,600 ರೂಪಾಯಿ ಷೇರು ಹಣ ಕರಗಿಹೋಗುತ್ತೆ. ಈ ಲೆಕ್ಕದಲ್ಲಿ ಅಂಗಡಿ ಉಳಿಯಬೇಕಾದರೆ ತಿಂಗಳು ತಿಂಗಳು ತಪ್ಪದೆ ಕೊಳ್ಳುವ 82 ಮನೆ ಬೇಕು. ನಿಮ್ಮ ಊರಿನ ಬಾಡಿಗೆ, ಗಾಡಿ ಖರ್ಚು ಹಾಕಿ ನಿಮ್ಮ ಸಂಖ್ಯೆ ನೀವೇ ಕಂಡುಕೊಳ್ಳಿ. ಆ ಸಂಖ್ಯೆ ಗೊತ್ತಾಗುವ ತನಕ ಒಂದು ರೂಪಾಯಿ ಷೇರೂ ಎತ್ತಬೇಡಿ.

ಈಗ ನಿಮ್ಮ 1,000 ರೂಪಾಯಿ ಷೇರಿನ ಮಾತು. ಇದು ನನಗೆ ಸರಿ ಕಾಣಲಿಲ್ಲ. ತೋಟದ ಮನೆಯವರು ಕೊಡುತ್ತಾರೆ. ಆದರೆ ಅವರ ಮನೆಯಲ್ಲಿ ಬೈಕೋ ಕಾರೋ ಇದೆ, ಹೇಗಾದರೂ ಸಾಗರಕ್ಕೆ ಹೋಗಿ ಬರುತ್ತಾರೆ. ನಿಮ್ಮ ಅಂಗಡಿ ಬೇಕೇ ಬೇಕಾಗಿರುವುದು ಕೂಲಿ ಮನೆಯವರಿಗೆ, ಒಂಟಿ ಮುದುಕರಿಗೆ. ಅವರಿಗೆ ಒಂದೇ ಸಲ 1,000 ಕಷ್ಟ. ಒಂದು ಷೇರಿಗೆ 500 ಇಡಿ, ಅದನ್ನು ಐದು ಕಂತಿನಲ್ಲಿ ಕಟ್ಟಲು ಬಿಡಿ. ಅನುಕೂಲ ಇದ್ದವರು ನಾಲ್ಕೋ ಐದೋ ಷೇರು ತೆಗೆದುಕೊಳ್ಳಲಿ. ಎಷ್ಟೇ ಷೇರಿದ್ದರೂ ಒಬ್ಬರಿಗೆ ಒಂದೇ ಮತ, ಅದು ಸಹಕಾರದ ನಿಯಮ. ಮೊದಲ ಸ್ಟಾಕಿಗೆ 1,25,000, ತಕ್ಕಡಿ, ಕಪಾಟು, ಡಬ್ಬಗಳಿಗೆ 35,000 ಆದರೂ ಬೇಕಾಗುತ್ತೆ. ಹಾಗಾಗಿ ಎಲ್ಲರಿಂದಲೂ ಒಂದೇ ಸಮ ಎತ್ತುವುದಕ್ಕಿಂತ ಇದೇ ವಾಸಿ.

ಎಡವುವ ಜಾಗ ಕೇಳಿದಿರಿ. ಉದ್ರಿ. ಬೇರೆ ಯಾವುದೂ ಅಲ್ಲ.

ನಾನು ಸೇರಿದಾಗ ನಮ್ಮ ಕಿರಾಣಿ ವಿಭಾಗದಲ್ಲಿ ಕೆಂಪು ಬಟ್ಟೆಯ ರಟ್ಟಿನ ಉದ್ರಿ ಪುಸ್ತಕ ಒಂದೇ ಇತ್ತು. ಐದು ವರ್ಷದಲ್ಲಿ ಮೂರಾಯಿತು. 1996ರಲ್ಲಿ ಬಾಕಿ 1,86,000 ರೂಪಾಯಿ ಮುಟ್ಟಿತು. ಹೋಲ್‌ಸೇಲ್ ಅಂಗಡಿಯವರು ಸಾಮಾನು ಕೊಡುವುದು ನಿಲ್ಲಿಸಿದರು. ವಿಭಾಗಕ್ಕೆ ಬೀಗ ಬಿತ್ತು. ಆ ಪುಸ್ತಕಗಳನ್ನು ನಾನೇ ಕೂತು ಕೂಡಿಸಿದ್ದೆ. ಕೂಲಿ ಹೆಂಗಸರ ಬಾಕಿ 40 ರೂಪಾಯಿ, 65 ರೂಪಾಯಿ, ಅದೂ ಸಂತೆಯ ದಿನ ಬಂದು ತೀರಿಸುತ್ತಿದ್ದರು. ದೊಡ್ಡ ಬಾಕಿ ಇದ್ದದ್ದು ದೊಡ್ಡ ಮನೆಗಳದ್ದು, ಅದರಲ್ಲೂ ಆಡಳಿತ ಮಂಡಳಿಯಲ್ಲಿ ಕೂತವರ ಮನೆಗಳದ್ದು. ಒಬ್ಬ ನಿರ್ದೇಶಕರ ಮನೆಗೆ ನಾನು ಮೂರು ಸಲ ಹೋಗಿದ್ದೆ. ಮೂರು ಸಲವೂ ಕಾಫಿ ಕೊಟ್ಟು ಕಳಿಸಿದರು, ಹಣ ಕೊಡಲಿಲ್ಲ. ತೂಗಿ ಕೊಡುವ ಹುಡುಗಿ ನಿರ್ದೇಶಕರಿಗೆ "ಇಲ್ಲ" ಅನ್ನುವುದು ಹೇಗೆ? ಆ ಸಂಕಟವನ್ನು ನಿಮ್ಮ ಅಂಗಡಿಯಲ್ಲಿ ಕೂರುವವರಿಗೆ ಕೊಡಬೇಡಿ. ನಿಯಮ ಮೊದಲೇ ಬರೆದು ಗೋಡೆಗೆ ಹಾಕಿ. ನಿರ್ದೇಶಕರಿಗೂ ಉದ್ರಿ ಇಲ್ಲ, ಅವರ ಮನೆಯವರಿಗೂ ಇಲ್ಲ.

ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಕೆಲಸಗಾರರು 1844ರಲ್ಲಿ ತಮ್ಮದೇ ಅಂಗಡಿ ತೆರೆದ ವಿಷಯ ನಮಗೆ ಸಹಕಾರ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಹೊರಟದ್ದು 28 ಜನ. ಅವರೂ ನಗದು ವ್ಯಾಪಾರವನ್ನೇ ನಿಯಮ ಮಾಡಿಕೊಂಡಿದ್ದರು. ತೆರೆದ ದಿನ ಅಂಗಡಿಯಲ್ಲಿ ಇದ್ದದ್ದು ಬೆಣ್ಣೆ, ಸಕ್ಕರೆ, ಗೋಧಿ ಹಿಟ್ಟು, ಓಟ್ಸ್ ಹಿಟ್ಟು, ಮೇಣದಬತ್ತಿ, ಇಷ್ಟೇ. ನೀವೂ 20 ಸಾಮಾನಿನಿಂದ ಶುರು ಮಾಡಿ. ಬಣ್ಣ ಬಣ್ಣದ ಪ್ಯಾಕೆಟ್ಟು ತುಂಬಿಸುವ ಆಸೆ ಬೇಡ.

ಆದರೆ ಮಲೆನಾಡಿನಲ್ಲಿ ಸುಮ್ನೆ "ಉದ್ರಿ ಇಲ್ಲ" ಅಂದರೆ ಆಗುವುದಿಲ್ಲ ಅನ್ನೋದೂ ನನಗೆ ಗೊತ್ತು. ಅಡಿಕೆ ಮಾರಿದಾಗ ಹಣ ಬರುತ್ತೆ, ಮಳೆಗಾಲದಲ್ಲಿ ಕೈ ಖಾಲಿ. ಅದಕ್ಕೆ ನಾವು 2001ರಲ್ಲಿ ವಿಭಾಗವನ್ನು ಮತ್ತೆ ತೆರೆದಾಗ ಲೆಕ್ಕವನ್ನೇ ತಿರುಗಿಸಿದೆವು. ಅಡಿಕೆ ಹಣ ಬಂದಾಗ ಸದಸ್ಯರು 3,000ವೋ 5,000ವೋ ಮುಂಗಡ ಕಟ್ಟಿಡುವುದು, ಜೂನ್‌ನಿಂದ ಅದರಲ್ಲಿ ಸಾಮಾನು ಒಯ್ಯುವುದು. ಮಳೆಗಾಲ ಕಳೆಯುವುದರೊಳಗೆ ಮುಂಗಡ ತೀರಿರುತ್ತಿತ್ತು, ಅಂಗಡಿಗೂ ಬಂಡವಾಳ ಸಿಕ್ಕಿರುತ್ತಿತ್ತು. ಕೂಲಿ ಮನೆಯವರು ವಾರಕ್ಕೆ 50 ರೂಪಾಯಿಯಂತೆ ಹಾಕುತ್ತಿದ್ದರು. ಒಂದು ಎಚ್ಚರ. ಸಂಘ ನೋಂದಣಿಯಾಗಿ, ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ, ಅವಕಾಶ ಇದೆಯೇ ಅಂತ ನೋಡಿಕೊಳ್ಳುವ ತನಕ ಯಾರಿಂದಲೂ ಇಂಥ ಹಣ ತೆಗೆದುಕೊಳ್ಳಬೇಡಿ. ಒಳ್ಳೆಯ ಮನಸ್ಸಿನಿಂದ ಮಾಡಿದರೂ ಕಾನೂನಿನ ಕಣ್ಣಿನಲ್ಲಿ ತಪ್ಪಾಗುತ್ತೆ.

ಮಳೆಗಾಲದ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಟಾಕು ಅರ್ಧ ಮಾಡಿ. ಉಪ್ಪು ನೀರು ಬಿಡುತ್ತೆ, ಅಚ್ಚು ಬೆಲ್ಲ ಕರಗುತ್ತೆ, ಸಕ್ಕರೆ ಗಟ್ಟಿ ಕಟ್ಟುತ್ತೆ, ಬೇಳೆಗೆ ಹುಳ ಬೀಳುತ್ತೆ. ಚೀಲಗಳನ್ನು ನೆಲದ ಮೇಲೆ ಇಡಬೇಡಿ. ಹಲಗೆ ಹಾಕಿ, ಗೋಡೆಯಿಂದ ಒಂದು ಗೇಣು ದೂರ ಇಡಿ. ಜೋನಿ ಬೆಲ್ಲ, ಕೊಬ್ಬರಿ ಎಣ್ಣೆ, ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಇವನ್ನು ನಿಮ್ಮ ಸದಸ್ಯರ ಮನೆಯಿಂದಲೇ ಕೊಳ್ಳಿ. ತಮ್ಮ ಮನೆಯ ಹಪ್ಪಳ ಇಟ್ಟ ಅಂಗಡಿಗೆ ಜನ ತಪ್ಪದೆ ಬರುತ್ತಾರೆ.

ಈಗ ನೋಂದಣಿ. ಅದಕ್ಕೂ ಮೊದಲು ನಿಮ್ಮ ಭಾಗದ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಹೋಗಿ, ನಿಮ್ಮೂರಲ್ಲಿ ಒಂದು ಕಿರಾಣಿ ಶಾಖೆ ಮಾಡುತ್ತೀರಾ ಅಂತ ಕೇಳಿ. ಗೊಬ್ಬರದ ಜೊತೆ ಕಿರಾಣಿಯನ್ನೂ ಮಾರುವ ಸೊಸೈಟಿಗಳು ನಮ್ಮ ಕಡೆ ಬೇಕಾದಷ್ಟಿವೆ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ್ದು. ಈಗ ಅದರ ಸೂಪರ್ ಮಾರ್ಕೆಟ್ ಇದೆ. ಒಮ್ಮೆ ಹೋಗಿ ನೋಡಿಕೊಂಡು ಬನ್ನಿ. ಸೊಸೈಟಿಯವರು ಒಪ್ಪಿದರೆ ನಿಮ್ಮ ಅರ್ಧ ಕೆಲಸ ಮುಗಿಯಿತು.

ಒಪ್ಪದಿದ್ದರೆ ಎರಡು ದಾರಿ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಲ್ಲಿ ಗ್ರಾಹಕರ ಸಹಕಾರ ಸಂಘ, ಇಲ್ಲವೇ 1997ರ ಸೌಹಾರ್ದ ಸಹಕಾರಿ ಕಾಯ್ದೆಯಲ್ಲಿ ಒಂದು ಸಹಕಾರಿ. ನಿಮ್ಮ ಉಪವಿಭಾಗದ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೆ ಹೋಗಿ ಮಾದರಿ ಬೈಲಾ ಕೇಳಿ. ಅದನ್ನು ಮನೆಗೆ ತಂದು ಎಂಟೂ ಜನ ಕೂತು ಜೋರಾಗಿ ಓದಿ. ನೋಂದಣಿಯ ಕೆಲಸ ಮುಂದೆ ನಿಂತು ಮಾಡಿಸಲು ನಿಮ್ಮಲ್ಲಿ ಒಬ್ಬರನ್ನು ಮುಖ್ಯ ಪ್ರವರ್ತಕರು ಅಂತ ಆರಿಸಿ. ಕಚೇರಿಯ ಅನುಮತಿ ಸಿಕ್ಕ ಮೇಲೆ ಷೇರು ಹಣ ನೇರ ಬ್ಯಾಂಕಿಗೆ ಹೋಗಲಿ, ಯಾರ ಜೇಬಿನಲ್ಲೂ ಒಂದು ರಾತ್ರಿ ಕೂಡ ಇರಬಾರದು. ಜೊತೆಗೆ ಪಂಚಾಯಿತಿ ಪರವಾನಗಿ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ (ನಿಮ್ಮ ವ್ಯಾಪಾರಕ್ಕೆ ಯಾವುದು ಅಂತ ಕೇಳಿಕೊಳ್ಳಿ) ಬೇಕು, ವರ್ಷಕ್ಕೊಮ್ಮೆ ಎಲೆಕ್ಟ್ರಾನಿಕ್ ತಕ್ಕಡಿಗೆ ಮುದ್ರೆ ಹಾಕಿಸಬೇಕು. ನನ್ನ ಲೆಕ್ಕದ ಪ್ರಕಾರ ನಿಮ್ಮ ವ್ಯಾಪಾರ ವರ್ಷಕ್ಕೆ 27 ಲಕ್ಷ. ಸರಕು ಮಾತ್ರ ಮಾರುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗೋದು 40 ಲಕ್ಷ ದಾಟಿದಾಗ. ಆದರೂ ಬಿಲ್ಲು ಮೊದಲ ದಿನದಿಂದಲೇ ಬರೆಯಿರಿ. ವರ್ಷಾವರ್ಷ ಆಡಿಟ್ ಆಗಲೇಬೇಕು. ಅದಲ್ಲದೆ ವರ್ಷದ ಕೊನೆಗೆ ಲಾಭ ಉಳಿದರೆ, ಮೀಸಲು ನಿಧಿಗೆ ತೆಗೆದಿಟ್ಟು, ಯಾರು ಎಷ್ಟು ಕೊಂಡಿದ್ದಾರೋ ಅದಕ್ಕೆ ತಕ್ಕಂತೆ ಹಂಚಲು ಆ ಬಿಲ್ಲೇ ಆಧಾರ.

ಪ್ರಶ್ನೆ: ಅಕ್ಕಾ, ನಾವು ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಸ್ವಸಹಾಯ ಸಂಘದ 12 ಹೆಣ್ಣುಮಕ್ಕಳು. ಎರಡು ವರ್ಷದಿಂದ ತಿಂಗಳಿಗೊಮ್ಮೆ ಸಕ್ಕರೆ, ಬೇಳೆ, ಎಣ್ಣೆ ಸಗಟಿನಲ್ಲಿ ತಂದು ಹಂಚಿಕೊಳ್ಳುತ್ತೇವೆ. ಇದನ್ನೇ ಅಂಗಡಿ ಮಾಡಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಮಾಡೋಣವೇ?

ಉತ್ತರ: ಬೇಡ ತಂಗಿ, ಈಗಲೇ ಬೇಡ. ಬಾಡಿಗೆ ಇಲ್ಲ, ಸಂಬಳ ಇಲ್ಲ, ಉಳಿದ ಸ್ಟಾಕು ಇಲ್ಲ, ಉದ್ರಿ ಇಲ್ಲ. ನೀವು ಮಾಡುತ್ತಿರುವುದೇ ಅಪ್ಪಟ ಸಹಕಾರ. 12 ಮನೆ 30 ಆಗಲಿ, ಆಮೇಲೆ ಯೋಚಿಸಿ. ಸದ್ಯಕ್ಕೆ ಒಂದು ಮಾಡಿ. 50 ಕೆ.ಜಿ. ಚೀಲ ಹಂಚುವಾಗ ಕೊನೆಯವರಿಗೆ ಯಾವಾಗಲೂ ಕಾಲು ಕೆ.ಜಿ. ಕಮ್ಮಿ ಬರುತ್ತೆ, ಅಲ್ವಾ? ಮನಸ್ತಾಪ ಹುಟ್ಟೋದು ಅಲ್ಲೇ. ಚೀಲಕ್ಕೆ 49 ಕೆ.ಜಿ. ಅಂತಲೇ ದರ ಕಟ್ಟಿ. ಮಿಕ್ಕಿದ್ದನ್ನು ಕೂಡಿಟ್ಟು, ಮುಂದಿನ ತಿಂಗಳು ಮೊದಲು ಅದನ್ನೇ ಹಂಚಿ. ಪ್ರತಿ ತಿಂಗಳು ಲೆಕ್ಕ ಬರೆಯುವ ಕೆಲಸ ಬೇರೆಯವರಿಗೆ ಕೊಡಿ. ವರ್ಷದೊಳಗೆ 12 ಜನಕ್ಕೂ ಲೆಕ್ಕ ಬರೆಯಲು ಬಂದಿರುತ್ತೆ. ನಿಮ್ಮ ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲೇ 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದಕ್ಕೆ ಮುಂದಾದದ್ದು. ಒಂದು ದಿನ ಎಲ್ಲರೂ ಸೇರಿ ಹೋಗಿ ಬನ್ನಿ.

ಪ್ರಶ್ನೆ: ಹಾಸನ ಜಿಲ್ಲೆಯ ನಮ್ಮ ಊರಿನಲ್ಲೂ ಇಂಥ ಅಂಗಡಿ ಮಾಡಬೇಕು ಅಂತ ಯುವಕರು ಹೊರಟಿದ್ದೇವೆ. ಆದರೆ ಊರಲ್ಲಿ ಒಂದು ಪುಟ್ಟ ಅಂಗಡಿ ಈಗಾಗಲೇ ಇದೆ. ನಡೆಸುತ್ತಿರುವವರು ನನ್ನ ಚಿಕ್ಕಪ್ಪ. ಬೆಲೆ ಜಾಸ್ತಿ, ಸಾಮಾನು ಹಳೆಯದು. ಆದರೂ ಅವರ ಹೊಟ್ಟೆಯ ಮೇಲೆ ಹೊಡೆದಂತೆ ಆಗುವುದಿಲ್ಲವೇ?

ಉತ್ತರ: ಆಗುತ್ತೆ. ನಿಮ್ಮ ಪತ್ರ ಓದಿ ನನಗೆ ತುಂಬಾ ಹೊತ್ತು ಬೇರೇನೂ ಬರೆಯಲಾಗಲಿಲ್ಲ. ಸಭೆ ಕರೆಯುವ ಮೊದಲು ಚಿಕ್ಕಪ್ಪನ ಹತ್ತಿರ ಹೋಗಿ ಕೂತು ಮಾತಾಡಿ. ಬೇರೆಯವರ ಬಾಯಿಂದ ಅವರಿಗೆ ವಿಷಯ ಗೊತ್ತಾಗಬಾರದು. ಬೆಲೆ ಯಾಕೆ ಜಾಸ್ತಿ ಅಂತ ಜಗಳದ ದನಿಯಲ್ಲಿ ಕೇಳಬೇಡಿ. ತಿಂಗಳಿಗೆ ಎರಡು ಚೀಲ ಸಕ್ಕರೆ ತರುವವರಿಗೆ ಇಪ್ಪತ್ತು ಚೀಲದ ದರ ಸಿಗುವುದಿಲ್ಲ, ಬರಬೇಕಾದ ಉದ್ರಿ ಎಷ್ಟಿದೆಯೋ ಏನೋ. ಸಾಮಾನು ಹಳೆಯದಾಗುವುದೂ ಕೊಳ್ಳುವವರು ಕಮ್ಮಿಯಾದಾಗಲೇ.

ಇಷ್ಟು ವರ್ಷ ಊರಿಗೆ ಸಾಮಾನು ತೂಗಿದವರಿಗೆ ಗೊತ್ತಿರುವಷ್ಟು ನಿಮಗಾಗಲೀ ನನಗಾಗಲೀ ಗೊತ್ತಿಲ್ಲ. ಯಾವ ಮನೆಗೆ ಯಾವ ಅಕ್ಕಿ, ಹಬ್ಬಕ್ಕೆ ಎಷ್ಟು ಬೆಲ್ಲ, ಯಾವ ಹೋಲ್‌ಸೇಲ್ ಅಂಗಡಿಯವರು ತೂಕದಲ್ಲಿ ನಂಬಿಕಸ್ಥರು, ಎಲ್ಲ ಅವರ ತಲೆಯಲ್ಲಿದೆ. ಸಂಘದ ಅಂಗಡಿಯನ್ನು ಅವರೇ ನಡೆಸಲಿ ಅಂತ ಕೇಳಿ. ಸಂಬಳ ಗೊತ್ತುಮಾಡಿ, ಅವರ ಜಾಗಕ್ಕೇ ಬಾಡಿಗೆ ಕೊಡಿ. ಅವರು ಒಪ್ಪದಿದ್ದರೆ ಅವರಲ್ಲಿ ಇಲ್ಲದ ಸಾಮಾನಿನಿಂದ ಮಾತ್ರ ಶುರು ಮಾಡಿ.

ಒಪ್ಪಿದರೆ ಎರಡು ಕೆಲಸ ಮರೆಯಬೇಡಿ. ಇರುವ ಸಾಮಾನನ್ನು ಊರಿನ ಐದು ಜನರ ಎದುರಿಗೆ ತೂಗಿ, ಬೆಲೆ ಕಟ್ಟಿ, ಪಟ್ಟಿ ಬರೆದು ಸಂಘ ಕೊಂಡುಕೊಳ್ಳಲಿ. ಅವರ ಹಳೆಯ ಉದ್ರಿ ಪುಸ್ತಕ ಮಾತ್ರ ಅವರದ್ದಾಗಿಯೇ ಉಳಿಯಲಿ, ಅದನ್ನು ಸಂಘದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ. ಆ ಬಾಕಿಯನ್ನು ಮೊದಲು ತೀರಿಸಬೇಕಾದವರು ಅಂಗಡಿ ಮಾಡಲು ಹೊರಟಿರುವ ನಿಮ್ಮ ಯುವಕರ ಮನೆಯವರೇ. ಅವರ ಹೆಸರು ಆ ಪುಸ್ತಕದಲ್ಲಿ ಇದೆಯೇ ಅಂತ ನಾಳೆಯೇ ಚಿಕ್ಕಪ್ಪನನ್ನು ಕೇಳಿ.