ಗುಂಗುರು ಕೂದಲಿಗೆ ಬೋರ್‌ವೆಲ್ ನೀರು

ಪ್ರಶ್ನೆ: ಗುಂಗುರು ಕೂದಲು ಉದ್ದ ಬಿಡುತ್ತಿದ್ದೇನೆ. ಬೋರ್‌ವೆಲ್ ನೀರಲ್ಲಿ ತೊಳೆದರೆ ನಾರಿನಂತಾಗಿ ಗಂಟು ಬೀಳುತ್ತದೆ. ಉದ್ದವೂ ಕಾಣುತ್ತಿಲ್ಲ. ಏನು ಮಾಡಲಿ?
– ಓದುಗರು, ಚಿತ್ರದುರ್ಗ

ಉತ್ತರ: ಗಡಸು ನೀರಿನ ಕ್ಯಾಲ್ಸಿಯಂ ಕೂದಲ ಮೇಲೆ ಕೂರುತ್ತದೆ, ಸೋಪು ಹಚ್ಚಿದರಂತೂ ಪದರವೇ ಕಟ್ಟುತ್ತದೆ. ಸೋಪು ಬಿಟ್ಟುಬಿಡಿ. ಶಾಂಪೂ ಬುಡಕ್ಕಷ್ಟೇ ಸಾಕು. ತುದಿಗೆ ಕಂಡೀಷನರ್ ಹಚ್ಚಿ, ಅದಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ. ಕೊನೆಯ ಚೊಂಬು ಮಳೆನೀರೋ ಶುದ್ಧ ನೀರಿನ ಘಟಕದ್ದೋ ಇರಲಿ. ಒಣಗಿದ ಮೇಲೆ ಬಾಚಲೇಬೇಡಿ, ಸುರುಳಿ ಒಡೆದು ಕೆದರುತ್ತದೆ.

ಅಂಗಡಿ ಜೆಲ್‌ಗೆ ದುಡ್ಡು ಸುರಿಯುವುದೇಕೆ? 2 ಚಮಚ ಅಗಸೆ ಬೀಜವನ್ನು ಒಂದು ದೊಡ್ಡ ಲೋಟ ನೀರಲ್ಲಿ ಎಳೆ ಬರುವಷ್ಟು ಕುದಿಸಿ, ಬಿಸಿಯಿರುವಾಗಲೇ ಸೋಸಿ. ಆರಿದರೆ ಬಟ್ಟೆಯಿಂದ ಇಳಿಯದು. ಒದ್ದೆ ಕೂದಲಿಗೆ ಸವರಿ. ಫ್ರಿಜ್ಜಿನಲ್ಲಿ ವಾರ ಇಡಬಹುದು.

ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ, ಸುರುಳಿ ಅದನ್ನು ಮುಚ್ಚಿಡುತ್ತದೆ. ಒದ್ದೆಯಿದ್ದಾಗ ಮೆಲ್ಲಗೆ ಎಳೆದು ಅಳೆಯಿರಿ.