ತೋಬಾ ಸರೋವರಕ್ಕೆ ನಾಲ್ಕು ದಿನ ಸಾಲದು, ಒಂಟಿ ರೆಸಾರ್ಟೂ ಬೇಡ

ನಾಲ್ಕು ದಿನದ ರಜೆ, ಜೊತೆಗೆ ಸಸ್ಯಾಹಾರಿ ಅಪ್ಪ-ಅಮ್ಮ, ಪುಣೆಯಿಂದ ಹೊರಟು ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ತೋಬಾ ಸರೋವರದ ದಡದಲ್ಲಿ ಯಾರೂ ಸುಳಿಯದ ಒಂದು ರೆಸಾರ್ಟ್: ಇದು ಆದೀತೇ ಎಂದು ಕೇಳಿದ್ದೀರಿ. ಡೊಂಬಿವಲಿಯಲ್ಲಿ ಕೂತು ನಾನೂ ಇದೇ ಲೆಕ್ಕ ಹಾಕಿದ್ದೆ. ಮೂರು ಜನರ ವಾಪಸು ಟಿಕೆಟ್ ಅದರಲ್ಲೇ ಹೋಯಿತು.

ನಾನು ನೋಡಿದ್ದು ಕಿಲೋಮೀಟರ್ ಮಾತ್ರ. ವಿಮಾನ ಇಳಿಯುವ ಮೆದಾನ್ ನಗರದಿಂದ ಸರೋವರದ ದಡದ ಪರಪತ್ ಪಟ್ಟಣ ಸುಮಾರು 175 ಕಿ.ಮೀ. ಮುಂಬಯಿ-ಪುಣೆಗಿಂತ ತುಸು ಜಾಸ್ತಿ, ಮೂರೂವರೆ ಗಂಟೆ ಸಾಕು ಅಂದುಕೊಂಡೆ. ಆದರೆ ಟೋಲ್ ರಸ್ತೆ ಮುಗಿದ ಮೇಲೆ ಲಾರಿಗಳ ಸಾಲು, ಆಮೇಲೆ ತಿರುವುಗಳ ಘಟ್ಟ. ನಾಲ್ಕರಿಂದ ಐದು ಗಂಟೆ ಹಿಡಿಯಬಹುದು. ಹೊರಡುವ ದಿನ ಸರೋವರದ ನಡುವಿನ ಸಮೋಸಿರ್ ದ್ವೀಪದಲ್ಲಿರುವ ಟುಕ್‌ಟುಕ್ ಎಂಬ ಹಳ್ಳಿಯಿಂದ ಬೆಳಗಿನ ದೋಣಿ ಹಿಡಿದು, ಎಂಟೂವರೆಗೆ ಪರಪತ್‌ನಲ್ಲಿ ಕಾರು ಹತ್ತಿ, ಮೆದಾನ್‌ನ ಕುವಾಲನಾಮು ವಿಮಾನ ನಿಲ್ದಾಣ ಮುಟ್ಟಿದಾಗ ಒಂದೂಕಾಲು. ಕ್ವಾಲಾಲಂಪುರದ ವಿಮಾನ ಒಂದೂಮುಕ್ಕಾಲಿಗೆ, ಕೌಂಟರ್ ಆಗಲೇ ಮುಚ್ಚಿತ್ತು. ಅಲ್ಲಿಂದ ಮುಂಬಯಿಗೆ ಬೇರೆ ಟಿಕೆಟ್, ಬೇರೆ ಪಿಎನ್‌ಆರ್. ಹೀಗಿದ್ದಾಗ ಮೊದಲ ವಿಮಾನ ತಪ್ಪಿದರೆ ಎರಡನೆಯವರಿಗೆ ನೀವು ಬರದೇ ಹೋದ ಪ್ರಯಾಣಿಕರು, ಅಷ್ಟೇ. ದುಡ್ಡೂ ಇಲ್ಲ, ಮುಂದಿನ ವಿಮಾನವೂ ಇಲ್ಲ. ಎರಡು ಸಾವಿರ ಹೆಚ್ಚಾದರೂ ಮುಂಬಯಿ-ಮೆದಾನ್ ಒಂದೇ ಪಿಎನ್‌ಆರ್‌ನಲ್ಲಿ ತೆಗೆಯಿರಿ. ಕೊನೆಯ ರಾತ್ರಿ ಸರೋವರದಲ್ಲಿ ಕಳೆಯಬೇಡಿ, ವಿಮಾನ ನಿಲ್ದಾಣದ ಹತ್ತಿರ ಮಲಗಿ. ಒಟ್ಟು ಆರು ರಾತ್ರಿ ಇಲ್ಲದಿದ್ದರೆ ಈ ಸಲ ಬಿಟ್ಟುಬಿಡಿ.

ಹೋಗುವಾಗಲೂ ಅಷ್ಟೆ. ಪರಪತ್‌ನ ತಿಗರಾಜಾ ಕಟ್ಟೆಯಿಂದ ಟುಕ್‌ಟುಕ್‌ಗೆ ಜನರ ದೋಣಿ ಹೊರಡುತ್ತದೆ, ಕತ್ತಲಾದ ಮೇಲೆ ನಂಬುವಂತಿಲ್ಲ. ಹೋಟೆಲ್ ಹೆಸರು ಹೇಳಿದರೆ ಅದರದೇ ಕಟ್ಟೆಗೆ ಇಳಿಸುತ್ತಾರೆ, ವಾಪಸು ಬರುವಾಗ ಅದೇ ಕಟ್ಟೆಯ ತುದಿಗೆ ನಿಂತು ಕೈ ಬೀಸಬೇಕು. ದೋಣಿ ತುಂಬಿ ತುಳುಕುತ್ತಿದ್ದರೆ ಹತ್ತಬೇಡಿ. 2018ರ ಜೂನ್‌ನಲ್ಲಿ ಮಿತಿಮೀರಿ ಜನ ತುಂಬಿದ ದೋಣಿಯೊಂದು ಇದೇ ಸರೋವರದಲ್ಲಿ ಮುಳುಗಿ 160ಕ್ಕೂ ಹೆಚ್ಚು ಜನ ಕಾಣೆಯಾದರು. ಅಪ್ಪ-ಅಮ್ಮನಿಗೆ ಲೈಫ್ ಜಾಕೆಟ್ ಕೇಳಿ ಹಾಕಿಸಿ. ಈಜುವುದಾದರೂ ಇದು ನೆನಪಿರಲಿ: ಸುಮಾರು 74,000 ವರ್ಷದ ಹಿಂದೆ ಸ್ಫೋಟಗೊಂಡು ಕುಸಿದ ಜ್ವಾಲಾಮುಖಿಯ ಕುಳಿ ಇದು, ಆಳ 500 ಮೀಟರ್ ಹತ್ತಿರ. ದಡದಿಂದ ನಾಲ್ಕು ಹೆಜ್ಜೆಗೇ ನೆಲ ಸಿಗದ ಜಾಗಗಳಿವೆ. (ತೋಬಾದ ಬೂದಿ ನಿಮ್ಮ ಪುಣೆ ಜಿಲ್ಲೆಯ ಬೋರಿಯಲ್ಲಿ, ಕುಕಡಿ ನದಿಯ ದಂಡೆಯಲ್ಲೂ ಸಿಕ್ಕಿದೆ. ನೋಡಿಕೊಂಡೇ ಹೊರಡಿ.)

ಇನ್ನು ಒಂಟಿ ರೆಸಾರ್ಟ್. ನನ್ನ ಮಾತು ಕೇಳಿ, ಬೇಡ. ಸಮೋಸಿರ್ ದ್ವೀಪ ಬೃಹನ್ಮುಂಬಯಿಯಷ್ಟು ದೊಡ್ಡದು. ದೂರದ ಮೂಲೆಯಲ್ಲಿ ಇಳಿದುಕೊಂಡರೆ ಇರುವುದು ಒಂದೇ ಅಡುಗೆಮನೆ. ಇಲ್ಲಿನ ಬತಕ್ ಜನರ ಊಟದಲ್ಲಿ ಹಂದಿ, ಮೀನು ಮುಖ್ಯ. ಅಮ್ಮನಿಗೆ ಮೂರು ಹೊತ್ತೂ ಅನ್ನ, ಕರಿದ ತೆಂಪೆ (ಹುದುಗಿಸಿದ ಸೋಯಾ ಕಾಳಿನ ಬಿಲ್ಲೆ) ಆಗುತ್ತದೆ. ದೊಡ್ಡ ಆಸ್ಪತ್ರೆ ಇರುವುದು ದ್ವೀಪದ ಮುಖ್ಯ ಪಟ್ಟಣ ಪಂಗುರುರಾನ್‌ನಲ್ಲಿ. ಟುಕ್‌ಟುಕ್‌ನಲ್ಲಿ ಹತ್ತಾರು ಊಟದ ಮನೆಗಳಿವೆ, ನಡೆದೇ ಹೋಗಬಹುದು. ಮೆದಾನ್‌ನವರು ಬರುವುದು ವಾರಾಂತ್ಯಕ್ಕೆ. ಸೋಮವಾರದಿಂದ ಗುರುವಾರದವರೆಗೆ ಉಳಿದರೆ ನೀವು ಬಯಸಿದ ಶಾಂತಿ ಅಲ್ಲೇ ಸಿಗುತ್ತದೆ.

ಆರ್ಡರ್ ಮಾಡುವಾಗ "ಸಸ್ಯಾಹಾರಿ" ಅಂದರೆ ಸಾಲದು. "ತನ್ಪಾ ದಾಗಿಂಗ್, ತನ್ಪಾ ಇಕಾನ್, ತನ್ಪಾ ತೆರಾಸಿ" ಅನ್ನಿ: ಮಾಂಸ, ಮೀನು, ಸಿಗಡಿ ಅರೆದ ಮಸಾಲೆ ಬೇಡ ಅಂತ. ಆ ತೆರಾಸಿ ಕೆಂಪು ಸಂಬಲ್ ಚಟ್ನಿಯೊಳಗೆ ಕಣ್ಣಿಗೆ ಕಾಣದೆ ಇರುತ್ತದೆ. ಅಂದಲಿಮಾನ್ ಎಂಬ ಹಸಿರು ಕಾಳು ಮಾತ್ರ ಹೆದರದೆ ತಿನ್ನಿ. ಕಚ್ಚಿದರೆ ಮೊದಲು ನಿಂಬೆಯ ವಾಸನೆ, ಆಮೇಲೆ ನಾಲಿಗೆ ಜುಮ್ ಅನ್ನುತ್ತದೆ. ನಮ್ಮ ಕರಾವಳಿಯ ಜುಮ್ಮನಕಾಯಿಗೆ, ಗೋವಾದವರ ತೆಪ್ಪಳಕ್ಕೆ ಹತ್ತಿರದ ನಂಟು ಅದು.

ಜೊತೆಗೆ ಎರಡು ಕಿಲೋ ಅವಲಕ್ಕಿ, ಚಟ್ನಿಪುಡಿ, ತಲಾ ಒಂದು ಸ್ವೆಟರ್ ಇರಲಿ. 900 ಮೀಟರ್ ಎತ್ತರ, ರಾತ್ರಿ ಚಳಿ. ವೀಸಾ ತಲಾ 5 ಲಕ್ಷ ರೂಪಿಯಾ, 30 ದಿನಕ್ಕೆ. ಡಾಲರ್ ಒಯ್ದರೆ ಮಡಚದ, ಗೀಚದ ನೋಟೇ ಬೇಕು. ರೂಪಿಯಾ ಮೆದಾನ್‌ನಲ್ಲೇ ತೆಗೆದುಕೊಳ್ಳಿ, ಟುಕ್‌ಟುಕ್‌ನ ಎಟಿಎಂ ನೆಚ್ಚಿಕೊಳ್ಳಬೇಡಿ.